ಎರಡು ಕಾಲಂ ನಡುವೆ ಕೋಲಾರದ ಕ್ರೈಸ್ತರು

2025ರ ಸೆಪ್ಟೆಂಬರ್ 22ರಂದು ರಾಜ್ಯ ಹಿಂದುಳಿದ ವರ್ಗಗಳ ಆಯೋಗ ಮನೆ ಮನೆ ಸಮೀಕ್ಷೆ ಶುರು ಮಾಡಿತು. ಒಟ್ಟು 60 ಪ್ರಶ್ನೆ. ಧರ್ಮಕ್ಕೆ ಒಂದು ಕಾಲಂ, ಜಾತಿಗೆ ಇನ್ನೊಂದು. ಗಣತಿದಾರರ ಆ್ಯಪ್‌ಗಾಗಿ ಸಿದ್ಧ ಮಾಡಿದ್ದ ಜಾತಿಗಳ ಪಟ್ಟಿಯಲ್ಲಿ ‘ಕುರುಬ ಕ್ರಿಶ್ಚಿಯನ್’, ‘ಬ್ರಾಹ್ಮಣ ಕ್ರಿಶ್ಚಿಯನ್’ ತರಹದ ಹೆಸರುಗಳು ಕಾಣಿಸಿಕೊಂಡಿದ್ದೇ ತಡ, ಗಲಾಟೆ ಎದ್ದಿತು. ರಾಜ್ಯಪಾಲರು ಮುಖ್ಯಮಂತ್ರಿಗೆ ಪತ್ರ ಬರೆದರು. ಕೊನೆಗೆ ಅಂಥ 33 ಹೆಸರುಗಳನ್ನು ಆ್ಯಪ್‌ನಲ್ಲಿ ಕಾಣದಂತೆ ಮಾಡಿದರು. ಜನ ತಾವಾಗೇ ಹೇಳಿದರೆ ಬರೆದುಕೊಳ್ಳಬಹುದು ಎಂದರು. ಸೆಪ್ಟೆಂಬರ್ 25ರಂದು ಹೈಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತು: ಸಮೀಕ್ಷೆಗೆ ತಡೆ ಇಲ್ಲ, ಆದರೆ ಮಾಹಿತಿ ಕೊಡುವುದು ಜನರ ಇಷ್ಟ, ಕೊಟ್ಟ ಮಾಹಿತಿ ಗುಟ್ಟಾಗಿರಬೇಕು.

ಅದು ಮುಗಿಯಿತು ಅನ್ನುವಷ್ಟರಲ್ಲಿ 2027ರ ಜನಗಣತಿ. ಇದರಲ್ಲಿ ಕೇಂದ್ರ ಸರ್ಕಾರವೂ ಎಲ್ಲರ ಜಾತಿ ಕೇಳಲಿದೆ. ಕೋಲಾರ, ಕೆಜಿಎಫ್, ಬಂಗಾರಪೇಟೆ, ಚಿಕ್ಕಬಳ್ಳಾಪುರದ ಚರ್ಚುಗಳಿಗೆ ಹೋಗುವ ಸಾವಿರಾರು ದಲಿತ ಕುಟುಂಬಗಳಿಗೆ ಇದು ಬರೀ ಫಾರಂ ತುಂಬುವ ಕೆಲಸ ಅಲ್ಲ. ಧರ್ಮದ ಕಾಲಂನಲ್ಲಿ ‘ಕ್ರೈಸ್ತ’ ಎಂದು ಬರೆಸಿದರೆ ಮಗಳ ಪರಿಶಿಷ್ಟ ಜಾತಿ ಸರ್ಟಿಫಿಕೇಟ್ ಹೋಗುತ್ತಾ? ‘ಹಿಂದೂ’ ಎಂದು ಬರೆಸಿದರೆ ಭಾನುವಾರ ಆರಾಧನೆಯಲ್ಲಿ ತಲೆ ಎತ್ತಿ ಕೂರೋದು ಹೇಗೆ? ರಾಜಕೀಯ, ರಾಷ್ಟ್ರೀಯತೆ, ವಿಶ್ವಾಸ ಮೂರೂ ಈ ಒಂದು ಪ್ರಶ್ನೆಯಲ್ಲಿ ಬಂದು ಕೂತಿವೆ.

ಮೊದಲು ಭಯದ ವಿಷಯ

ಜನಗಣತಿಯಲ್ಲಿ ಏನು ಬರೆಸಿದರೂ ಅದರಿಂದ ಯಾರ ಸರ್ಟಿಫಿಕೇಟೂ ರದ್ದಾಗುವುದಿಲ್ಲ. 1948ರ ಜನಗಣತಿ ಕಾಯ್ದೆಯ 15ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಒಬ್ಬೊಬ್ಬರ ಮಾಹಿತಿಯನ್ನು ಬೇರೆಯವರು ನೋಡುವ ಹಾಗಿಲ್ಲ. ಕೋರ್ಟಿನಲ್ಲಿ ಅದನ್ನು ಸಾಕ್ಷಿಯಾಗಿ ಇಡುವ ಹಾಗೂ ಇಲ್ಲ.

ಸರ್ಟಿಫಿಕೇಟ್ ಬಗ್ಗೆ ತನಿಖೆ ನಡೆದಾಗ ಅಧಿಕಾರಿಗಳು ನೋಡುವುದು ಬೇರೆ ದಾಖಲೆಗಳನ್ನು. ದೀಕ್ಷಾಸ್ನಾನದ ರಿಜಿಸ್ಟರ್, ಚರ್ಚಿನಲ್ಲಿ ಆದ ಮದುವೆಯ ದಾಖಲೆ, ನೆರೆಹೊರೆಯವರ ಹೇಳಿಕೆ, ಹೀಗೆ. 2024ರ ನವೆಂಬರ್ 26ರಂದು ಸುಪ್ರೀಂ ಕೋರ್ಟ್ ಪುದುಚೇರಿಯ ಸೆಲ್ವರಾಣಿ ಪ್ರಕರಣದಲ್ಲಿ ಮಾಡಿದ್ದೂ ಇದನ್ನೇ. ದೀಕ್ಷಾಸ್ನಾನ ಆಗಿದೆ, ಚರ್ಚಿಗೆ ಹೋಗುವುದೂ ನಡೆದಿದೆ, ಆದರೂ ಸರ್ಕಾರಿ ಕೆಲಸಕ್ಕೆ ಮಾತ್ರ ಹಿಂದೂ ಎನ್ನುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದು ಕೋರ್ಟ್ ಕಟುವಾಗಿಯೇ ಹೇಳಿತು. ಹಾಗಾಗಿ ಗಣತಿದಾರರನ್ನು ಕಂಡು ಹೆದರುವುದರಲ್ಲಿ ಅರ್ಥವಿಲ್ಲ. ತೊಡಕು ಇರುವುದು ಅವರ ಕೈಯಲ್ಲಿರುವ ಮೊಬೈಲಿನಲ್ಲಿ ಅಲ್ಲ. ಅದು 75 ವರ್ಷ ಹಳೆಯ ಒಂದು ಆದೇಶದಲ್ಲಿದೆ.

1950ರ ಆದೇಶ

1950ರ ಆಗಸ್ಟ್ 10ರಂದು ರಾಷ್ಟ್ರಪತಿಗಳು ಪರಿಶಿಷ್ಟ ಜಾತಿಗಳ ಆದೇಶ ಹೊರಡಿಸಿದರು. ಅದರ ಮೂರನೇ ಪ್ಯಾರಾ ಪ್ರಕಾರ ಹಿಂದೂ ಅಲ್ಲದವರು ಪರಿಶಿಷ್ಟ ಜಾತಿಗೆ ಸೇರುವುದಿಲ್ಲ. 1956ರಲ್ಲಿ ಸಿಖ್ಖರನ್ನು ಸೇರಿಸಿದರು. 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರು ಮತ್ತು ಮುಸ್ಲಿಮರು ಹೊರಗೇ ಉಳಿದರು. ಪರಿಶಿಷ್ಟ ಪಂಗಡಕ್ಕೆ ಈ ಕಟ್ಟಳೆ ಇಲ್ಲ. ಆ ಪಂಗಡದವರು ಯಾವ ಧರ್ಮಕ್ಕೆ ಹೋದರೂ ಪಂಗಡದವರೇ.

ಈ ಪ್ಯಾರಾವನ್ನು ತೆಗೆದುಹಾಕಿ ಎಂದು ನ್ಯಾಯಮೂರ್ತಿ ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಶಿಫಾರಸು ಮಾಡಿತು. ಕೇಂದ್ರ ಅದನ್ನು ಒಪ್ಪಲಿಲ್ಲ. 2004ರಿಂದ ಸುಪ್ರೀಂ ಕೋರ್ಟಿಗೆ ಅರ್ಜಿಗಳು ಹೋಗುತ್ತಲೇ ಇವೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಇದೇ ವಿಷಯಕ್ಕೆ ಮತ್ತೊಂದು ಆಯೋಗ ಮಾಡಿತು, ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅದರ ಅಧ್ಯಕ್ಷರು. ಆಯೋಗದ ಮೇಲೆ ಆಯೋಗ.

ಮಾರಿಕುಪ್ಪಂನಲ್ಲಿ ಇದು ಹೇಗೆ ಕಾಣುತ್ತದೆ

ದೇಶದ ಬೇರೆ ಕಡೆ ಇದು ಕಾನೂನಿನ ವಾದ. ಕೆಜಿಎಫ್‌ನಲ್ಲಿ ಇದು ಒಂದೇ ಬೀದಿಯ ಮಾತು.

1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಚಿನ್ನ ತೆಗೆಯಲು ಬಂದ ಮೇಲೆ ಗಣಿಗೆ ಇಳಿಯಲು ಜನ ಬೇಕಾದರು. ಉತ್ತರ ಆರ್ಕಾಟಿನಿಂದ, ಚಿತ್ತೂರಿನ ಕಡೆಯಿಂದ ದಲಿತ ಕುಟುಂಬಗಳು ಬಂದವು. ಕಂಪನಿ ಕಟ್ಟಿಸಿದ ಲೈನ್ ಮನೆಗಳಲ್ಲಿ ನೆಲೆಸಿದವು. ಊರಿನಲ್ಲಿ ಕಳೆದುಕೊಂಡಿದ್ದ ಮಾನವನ್ನು ಇಲ್ಲಿ ಒಬ್ಬೊಬ್ಬರು ಒಂದೊಂದು ದಾರಿಯಲ್ಲಿ ಹುಡುಕಿದರು. ಕೆಲವರು ಯೇಸುವನ್ನು ನಂಬಿದರು. ಕೆಲವರು ಬುದ್ಧನ ಕಡೆ ತಿರುಗಿದರು. ಅಂಬೇಡ್ಕರ್ ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆಯುವುದಕ್ಕೆ ಎಷ್ಟೋ ದಶಕ ಮುಂಚೆಯೇ, ತಮಿಳು ದಲಿತ ಚಿಂತಕ ಅಯೋಧಿದಾಸ ಪಂಡಿತರ ಪ್ರಭಾವದಿಂದ ಇಲ್ಲಿನ ಮಾರಿಕುಪ್ಪಂನಲ್ಲಿ ಬೌದ್ಧ ಸಂಘ ಇತ್ತು. ಇನ್ನು ಕೆಲವರು ತಾವು ತಂದ ದೇವರುಗಳನ್ನೇ ಪೂಜಿಸಿದರು. 1954ರಲ್ಲಿ ಅಂಬೇಡ್ಕರ್ ಕೆಜಿಎಫ್‌ಗೆ ಬಂದಾಗ ಈ ಮೂರೂ ದಾರಿಯವರು ಈ ಲೈನ್‌ಗಳಲ್ಲೇ ಇದ್ದರು.

ಈಗ ಹೀಗೆ ಊಹಿಸಿಕೊಳ್ಳಿ. ಒಂದೇ ಲೈನಿನಲ್ಲಿ ಅಕ್ಕಪಕ್ಕ ಮೂರು ಮನೆ. ಮೂರೂ ಮನೆಯ ಮುತ್ತಜ್ಜಂದಿರು ಅಣ್ಣತಮ್ಮಂದಿರು. ಜಾತಿ ಆದಿ ದ್ರಾವಿಡ. ಮೂರೂ ಮನೆಯವರು ಗಣಿಯಲ್ಲಿ ದುಡಿದವರು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದಾಗ ಮೂರೂ ಮನೆಯ ಒಲೆ ಒಟ್ಟಿಗೇ ತಣ್ಣಗಾಯಿತು. ಈಗ ಮೂರೂ ಮನೆಯ ಮಕ್ಕಳು ಬೆಳಗ್ಗೆ ಒಂದೇ ಟ್ರೇನ್ ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ.

ಮೊದಲ ಮನೆಯವರು ಹಿಂದೂ. ಅವರು ಪರಿಶಿಷ್ಟ ಜಾತಿ. ಎರಡನೇ ಮನೆಯವರು ಬೌದ್ಧರು. 1990ರಿಂದ ಅವರೂ ಪರಿಶಿಷ್ಟ ಜಾತಿ. ಮೂರನೇ ಮನೆಯವರು ಕ್ರೈಸ್ತರು. ಅವರು ಅಲ್ಲ. ಮೂರನೇ ಮನೆಯ ಮಗ ಕೆಜಿಎಫ್ ವಿಧಾನಸಭಾ ಕ್ಷೇತ್ರದಲ್ಲಿ ಚುನಾವಣೆಗೆ ನಿಲ್ಲುವ ಹಾಗಿಲ್ಲ, ಅದು ಮೀಸಲು ಕ್ಷೇತ್ರ. ಪಕ್ಕದ ಬಂಗಾರಪೇಟೆ, ಆಚೆಯ ಮುಳಬಾಗಿಲು, ಕೋಲಾರ ಲೋಕಸಭಾ ಕ್ಷೇತ್ರ ಕೂಡ ಅಷ್ಟೇ. ಯಾರಾದರೂ ಅವನನ್ನು ಜಾತಿ ಹಿಡಿದು ಬೈದರೆ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಕೇಸು ನಿಲ್ಲುವುದು ಕಷ್ಟ. ಪಾಸ್ಟರ್ ಒಬ್ಬರ ಪ್ರಕರಣದಲ್ಲಿ ಆಂಧ್ರ ಹೈಕೋರ್ಟ್ 2025ರಲ್ಲಿ ಇದನ್ನೇ ಹೇಳಿತು. ಬೈದವನಿಗೆ ಅವನ ಜಾತಿ ಚೆನ್ನಾಗಿ ಗೊತ್ತು, ಕಾನೂನಿಗೆ ಮಾತ್ರ ಗೊತ್ತಿಲ್ಲ!

ಇಲ್ಲಿ ಒಂದು ವಿಷಯ ಗಮನಿಸಬೇಕು. ಬೌದ್ಧ ಧರ್ಮದಲ್ಲೂ ತಾತ್ವಿಕವಾಗಿ ಜಾತಿ ಇಲ್ಲ. ಸಿಖ್ ಧರ್ಮದಲ್ಲೂ ಇಲ್ಲ. ಜಾತಿ ಇಲ್ಲದ ಧರ್ಮಕ್ಕೆ ಹೋದವರಿಗೆ ಮೀಸಲಾತಿ ಬೇಡ ಎಂಬುದೇ ನಿಯಮವಾಗಿದ್ದರೆ ಅವರಿಗೂ ಸಿಗಬಾರದಿತ್ತು. ಸಿಕ್ಕಿತು, ಸಿಕ್ಕಿದ್ದು ನ್ಯಾಯವೇ. ಹಾಗಾದರೆ ಗೆರೆ ಎಳೆದದ್ದು ಎಲ್ಲಿ? ಈ ನೆಲದಲ್ಲಿ ಹುಟ್ಟಿದ ಧರ್ಮಗಳು ಒಳಗೆ, ಹೊರಗೆ ಹುಟ್ಟಿದವು ಆಚೆಗೆ. ರಾಷ್ಟ್ರೀಯತೆಯ ಪ್ರಶ್ನೆ ಒಳಗೆ ನುಸುಳುವುದು ಇಲ್ಲಿಂದಲೇ.

ವಿರೋಧಿಸುವವರ ಮಾತು

ಎದುರಿನ ವಾದವನ್ನು ದ್ವೇಷ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಅದು ಸರಿಯಲ್ಲ. ಅದರಲ್ಲಿ ಮೂರು ಬೇರೆ ಬೇರೆ ದನಿಗಳಿವೆ.

ಒಂದು, ಕೇಂದ್ರ ಸರ್ಕಾರದ್ದು. ಅಸ್ಪೃಶ್ಯತೆ ಹಿಂದೂ ಸಮಾಜದ ಪಿಡುಗು, ಕ್ರೈಸ್ತ ಮತ್ತು ಮುಸ್ಲಿಂ ಸಮಾಜದಲ್ಲಿ ಅಂಥ ದಬ್ಬಾಳಿಕೆ ಇರಲಿಲ್ಲ, ಹಾಗಾಗಿ 1950ರ ಆದೇಶ ಸರಿ ಎಂದು ಅದು 2022ರಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿತು. ಎರಡು, ಬಿಜೆಪಿ ಮತ್ತು ಹಿಂದೂ ಸಂಘಟನೆಗಳದ್ದು. ‘ಕುರುಬ ಕ್ರಿಶ್ಚಿಯನ್’ ಎಂದು ಬರೆದುಕೊಳ್ಳುವುದೇ ಮತಾಂತರಕ್ಕೆ ಸರ್ಕಾರಿ ಮುದ್ರೆ ಒತ್ತಿದ ಹಾಗೆ, ನಾಳೆ ಎರಡೂ ಕಡೆಯ ಸೌಲಭ್ಯ ಕೇಳುತ್ತಾರೆ ಎಂಬ ಆತಂಕ.

ಮೂರನೆಯದು ಹಿಂದೂ ದಲಿತರದ್ದು. ಇದನ್ನೇ ಜಾಸ್ತಿ ಗಂಭೀರವಾಗಿ ಕೇಳಬೇಕು. ಕೋಲಾರ ಜಿಲ್ಲೆಯಲ್ಲಿ ಹತ್ತರಲ್ಲಿ ಮೂರು ಜನ ಪರಿಶಿಷ್ಟ ಜಾತಿಯವರು. ರಾಜ್ಯದ ಸರಾಸರಿ ಶೇ 17. ಒಳಮೀಸಲಾತಿಗಾಗಿ ಮೂರು ದಶಕ ಹೋರಾಡಿದ ಮೇಲೆ, ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ವರದಿ ಬಂದು, 2025ರ ಆಗಸ್ಟ್‌ನಲ್ಲಿ ಸಂಪುಟ ಪರಿಶಿಷ್ಟ ಜಾತಿಯ ಶೇ 17 ಮೀಸಲಾತಿಯನ್ನು ಎಡಗೈ, ಬಲಗೈ ಮತ್ತು ಉಳಿದ ಪರಿಶಿಷ್ಟ ಜಾತಿಗಳಿಗೆ 6-6-5 ಎಂದು ಹಂಚಲು ತೀರ್ಮಾನಿಸಿತು. ಆ ಹಂಚಿಕೆಯ ಜಗಳವೇ ಇನ್ನೂ ಆರಿಲ್ಲ. ಆದಿ ಕರ್ನಾಟಕ, ಆದಿ ದ್ರಾವಿಡ ಎಂಬ ಹೆಸರುಗಳಡಿ ಎಡಗೈಯವರೆಷ್ಟು, ಬಲಗೈಯವರೆಷ್ಟು ಎಂಬ ತಕರಾರು ಇದ್ದೇ ಇದೆ. ಈಗ ಇನ್ನೊಂದು ಪಾಲುದಾರ ಬಂದರೆ ನಮ್ಮ ಪಾಲಿಗೆ ಏನುಳಿಯುತ್ತದೆ ಎಂದು ಅವರು ಕೇಳಿದರೆ ಅದು ಕ್ರೈಸ್ತ ದ್ವೇಷ ಅಲ್ಲ. ಇರುವ ಅನ್ನ ಕಡಿಮೆ, ಅಷ್ಟೇ. ಪಾಲು ಕೇಳುವ ದಲಿತ ಕ್ರೈಸ್ತರು ಪ್ರಮಾಣ ಹೆಚ್ಚಿಸಿ ಎಂದೂ ಒಟ್ಟಿಗೆ ಕೇಳದಿದ್ದರೆ ತಮ್ಮ ಅಣ್ಣತಮ್ಮಂದಿರ ಜೊತೆಗೇ ಜಗಳಕ್ಕೆ ನಿಂತ ಹಾಗಾಗುತ್ತದೆ.

ದೇಶಭಕ್ತಿಯ ಪರೀಕ್ಷೆ

ಭಾರತ ಯಾರಿಗೆ ಪಿತೃಭೂಮಿಯೂ ಹೌದು ಪುಣ್ಯಭೂಮಿಯೂ ಹೌದೋ ಅವರೇ ಹಿಂದೂ ಎಂಬ ವಾದವನ್ನು ಸಾವರ್ಕರ್ 1923ರಲ್ಲಿ ಮಂಡಿಸಿದರು. ಈ ಅಳತೆಯಲ್ಲಿ ಬೌದ್ಧರು, ಸಿಖ್ಖರು ಒಳಗೆ ಬರುತ್ತಾರೆ. ಕ್ರೈಸ್ತರ ಪುಣ್ಯಭೂಮಿ ಬೇರೆ ಕಡೆ ಇದೆ, ಹಾಗಾಗಿ ಅವರ ನಿಷ್ಠೆಯ ಮೇಲೆ ಸದಾ ಒಂದು ಕಣ್ಣು. 1950ರ ಆದೇಶ ಬರೆದವರ ಮನಸ್ಸಿನಲ್ಲಿ ಇದೇ ಇತ್ತು ಎಂದು ಹೇಳಲಾಗದು. ಆದರೆ 1956, 1990ರ ತಿದ್ದುಪಡಿಗಳ ನಂತರ ಉಳಿದ ಗೆರೆ ಇದೇ ಅಳತೆಗೆ ಸರಿಯಾಗಿ ಕೂರುತ್ತದೆ.

ಇತಿಹಾಸ ನೋಡಿದರೆ ಈ ಅನುಮಾನಕ್ಕೆ ಬುಡವಿಲ್ಲ. ಸಂವಿಧಾನ ಸಭೆಯ ಉಪಾಧ್ಯಕ್ಷರಾಗಿದ್ದ ಎಚ್.ಸಿ. ಮುಖರ್ಜಿ ಕ್ರೈಸ್ತರು. ಅಲ್ಪಸಂಖ್ಯಾತರ ಉಪಸಮಿತಿಗೂ ಅವರೇ ಅಧ್ಯಕ್ಷರು. ಧರ್ಮದ ಹೆಸರಿನಲ್ಲಿ ಶಾಸನಸಭೆಗಳಲ್ಲಿ ಸೀಟು ಮೀಸಲಿಡುವುದು ಬೇಡ ಎಂದು 1949ರಲ್ಲಿ ತೀರ್ಮಾನವಾದಾಗ ಅದರ ಪರ ನಿಂತವರು ಅವರು. ಇರುವ ಸೀಟು ಬಿಟ್ಟುಕೊಟ್ಟು ಎಲ್ಲರ ಜೊತೆ ಓಟು ಕೇಳುತ್ತೇವೆ ಎಂದ ಸಮುದಾಯಕ್ಕೆ ಬೇರೆ ಯಾವ ಪರೀಕ್ಷೆ ಬೇಕು?

ಆದರೂ ಅನುಮಾನ ಬೀದಿಗಿಳಿದಾಗ ಏನಾಗುತ್ತದೆ ಎಂಬುದು ನಮ್ಮ ಸುತ್ತಲೇ ಕಂಡಿದೆ. 2021ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಲ್ಲಿ ಕ್ರೈಸ್ತ ಪುಸ್ತಕಗಳನ್ನು ಹಂಚುತ್ತಿದ್ದವರಿಂದ ಕಿತ್ತುಕೊಂಡು ಸುಟ್ಟರು. ಅದೇ ತಿಂಗಳ 23ರಂದು ಚಿಕ್ಕಬಳ್ಳಾಪುರ ಜಿಲ್ಲೆಯ ಸೂಸೈಪಾಳ್ಯದ ಹಳೇ ಚರ್ಚಿನಲ್ಲಿ ಸಂತ ಅಂತೋಣಿಯವರ ಪ್ರತಿಮೆ ಒಡೆದಿತ್ತು. ಅದೇ ದಿನ ಬೆಳಗಾವಿಯಲ್ಲಿ ವಿಧಾನಸಭೆ ಮತಾಂತರ ನಿಷೇಧ ಮಸೂದೆಗೆ ಒಪ್ಪಿಗೆ ಕೊಟ್ಟಿತು.

2022ರಲ್ಲಿ ಜಾರಿಗೆ ಬಂದ ಆ ಕಾಯ್ದೆ ಪ್ರಕಾರ ಮತಾಂತರ ಆಗುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು. ಆದರೆ ಹಿಂದಿನ ಧರ್ಮಕ್ಕೆ ವಾಪಸ್ ಹೋಗುವುದನ್ನು ಮತಾಂತರ ಎಂದೇ ಲೆಕ್ಕ ಹಿಡಿಯುವುದಿಲ್ಲ. ಇದನ್ನು 2015ರ ಸುಪ್ರೀಂ ಕೋರ್ಟ್ ತೀರ್ಪಿನ ಜೊತೆ ಇಟ್ಟು ನೋಡಿ. ಮೂಲ ಧರ್ಮಕ್ಕೆ ಮರಳಿದವರನ್ನು ಅವರ ಜಾತಿಯವರು ಒಪ್ಪಿಕೊಂಡರೆ ಪರಿಶಿಷ್ಟ ಜಾತಿ ಸ್ಥಾನಮಾನ ಮತ್ತೆ ಸಿಗುತ್ತದೆ ಎಂದಿತು ಆ ತೀರ್ಪು. ಹೊರಗೆ ಹೋಗುವ ಬಾಗಿಲಲ್ಲಿ ಪೊಲೀಸ್, ಒಳಗೆ ಬರುವ ಬಾಗಿಲಲ್ಲಿ ಸರ್ಟಿಫಿಕೇಟ್. ಈ ಕಾಯ್ದೆ ರದ್ದು ಮಾಡಲು 2023ರ ಜೂನ್ 15ರಂದು ಸಂಪುಟ ತೀರ್ಮಾನಿಸಿತು. ಸಂಪುಟ ತೀರ್ಮಾನಿಸಿದ ಮಾತ್ರಕ್ಕೆ ಕಾಯ್ದೆ ಹೋಗುವುದಿಲ್ಲ, ಅದಕ್ಕೆ ವಿಧಾನಮಂಡಲದ ಎರಡೂ ಸದನ ಒಪ್ಪಬೇಕು. ‘ನಮ್ಮವರು ಬಂದರು, ಇನ್ನು ಚಿಂತೆ ಇಲ್ಲ’ ಎಂದು ಒಂದು ಪಕ್ಷವನ್ನೇ ನಂಬಿ ಕೂತ ಕ್ರೈಸ್ತ ಸಭೆಗಳು ಈ ವ್ಯತ್ಯಾಸವನ್ನು ನೆನಪಿಡುವುದು ಒಳ್ಳೆಯದು.

ಚರ್ಚಿನೊಳಗಿನ ಜಾತಿ

ಇಲ್ಲೊಂದು ಮುಜುಗರದ ಸತ್ಯ ಇದೆ. ದಲಿತ ಕ್ರೈಸ್ತರಿಗೆ ಮೀಸಲಾತಿ ಸಿಗಬೇಕಾದರೆ ಚರ್ಚಿನೊಳಗೂ ಜಾತಿ ಇದೆ ಎಂದು ಒಪ್ಪಿಕೊಳ್ಳಬೇಕು. ಕ್ರಿಸ್ತನಲ್ಲಿ ಎಲ್ಲರೂ ಒಂದೇ ಎಂದು ಗಲಾತ್ಯದವರಿಗೆ ಬರೆದ ಪತ್ರವನ್ನು ಭಾನುವಾರ ಓದಿ, ಸೋಮವಾರ ಕೋರ್ಟಿಗೆ ಹೋಗಿ ‘ನಮ್ಮಲ್ಲೂ ಅಸ್ಪೃಶ್ಯತೆ ಇದೆ’ ಎಂದು ಪ್ರಮಾಣ ಪತ್ರ ಕೊಡುವುದು ಹೇಗೆ? ಹಾಗಾಗಿ ಎಷ್ಟೋ ಸಭೆಗಳು ಸುಮ್ನೆ ಇದ್ದುಬಿಟ್ಟವು. ಆ ಸುಮ್ಮನಿರುವಿಕೆಯೇ ಕೇಂದ್ರದ ವಾದಕ್ಕೆ ಬಲ ಕೊಟ್ಟಿತು: ನೋಡಿ, ಅವರೇ ನಮ್ಮಲ್ಲಿ ಜಾತಿ ಇಲ್ಲ ಅಂತಾರಲ್ಲ!

ಕೆಥೋಲಿಕ್ ಬಿಷಪ್‌ಗಳ ಮಂಡಳಿ 2016ರ ಡಿಸೆಂಬರ್‌ನಲ್ಲಿ ದಲಿತರ ಬಗ್ಗೆ ಒಂದು ನೀತಿ ಹೊರಡಿಸಿ ಚರ್ಚಿನಲ್ಲಿ ತಾರತಮ್ಯ ಇರುವುದನ್ನು ಒಪ್ಪಿಕೊಂಡಿತು. ದಲಿತ ಸಮುದಾಯದಿಂದ ಮೊದಲ ಕಾರ್ಡಿನಲ್ ಆದದ್ದು 2022ರಲ್ಲಿ, ಹೈದರಾಬಾದಿನ ಆಂಥೋನಿ ಪೂಲ. ಭಾರತದಲ್ಲಿ ಕ್ರೈಸ್ತ ಧರ್ಮದ ವಯಸ್ಸಿನ ಜೊತೆ ಈ ಇಸವಿಯನ್ನು ಇಟ್ಟು ನೋಡಿದರೆ ಬೇರೆ ವ್ಯಾಖ್ಯಾನ ಬೇಕಿಲ್ಲ. (ನಮ್ಮ ಭಾಗದಲ್ಲಿ ಇದಕ್ಕೆ ಭಾಷೆಯ ಜಗಳವೂ ಸೇರುತ್ತದೆ. ಪೂಜೆ ಕನ್ನಡದಲ್ಲೋ ತಮಿಳಿನಲ್ಲೋ ಎಂದು ಬಡಿದಾಡುವಾಗ ಒಂದೇ ಶರೀರದ ಅಂಗಗಳು ಎಂಬ ಮಾತು ಯಾರಿಗೂ ನೆನಪಾಗುವುದಿಲ್ಲ. ರಾಷ್ಟ್ರೀಯತೆ ಬರೀ ಹೊರಗಿನವರ ಕಾಯಿಲೆ ಅಲ್ಲ.)

ಸುತ್ತು ಹೀಗೆ ಸುತ್ತುತ್ತದೆ

ಸತ್ಯ ಬರೆಸಿದರೆ ನಷ್ಟ ಎಂದು ಗೊತ್ತಿರುವಾಗ ಬಡ ಕುಟುಂಬ ಏನು ಮಾಡುತ್ತದೆ? ಮನೆಯಲ್ಲಿ ಬೈಬಲ್, ಶಾಲೆಯ ದಾಖಲೆಯಲ್ಲಿ ‘ಹಿಂದೂ, ಎ.ಡಿ.’ (ಆದಿ ದ್ರಾವಿಡ). ಮಗುವಿಗೆ ಎರಡು ಹೆಸರು. ಸರ್ಕಾರದ ಲೆಕ್ಕಕ್ಕೆ ಅವರು ಕ್ರೈಸ್ತರೇ ಅಲ್ಲ. 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಕ್ರೈಸ್ತರು ಶೇ 2ಕ್ಕಿಂತಲೂ ಕಡಿಮೆ.

ಇದರಿಂದ ಎರಡು ಪರಿಣಾಮ. ಮೊದಲನೆಯದು, ದಲಿತ ಕ್ರೈಸ್ತರು ಎಷ್ಟಿದ್ದಾರೆ, ಎಷ್ಟು ಹಿಂದುಳಿದಿದ್ದಾರೆ ಎಂಬುದಕ್ಕೆ ಅಂಕಿ ಅಂಶವೇ ಹುಟ್ಟುವುದಿಲ್ಲ. ಅಂಕಿ ಇಲ್ಲದೆ ಆಯೋಗ ಶಿಫಾರಸು ಮಾಡಲಾರದು, ಕೋರ್ಟ್ ಆದೇಶ ಕೊಡಲಾರದು. ಕಾನೂನು ಬದಲಾಗುವುದಿಲ್ಲ. ಬದಲಾಗದ್ದರಿಂದ ಜನ ಮತ್ತೆ ಮುಚ್ಚಿಡುತ್ತಾರೆ. ಎರಡನೆಯದು, ಮುಚ್ಚಿಟ್ಟದ್ದು ಹೊರಬಂದಾಗ ‘ನೋಡಿ, ಮೋಸಗಾರರು’ ಎಂದು ಎದುರಾಳಿಗಳು ಬೆರಳು ತೋರಿಸುತ್ತಾರೆ. ಒಬ್ಬ ಸಿಕ್ಕಿಬಿದ್ದರೆ ಇಡೀ ಸಭೆಯ ಮೇಲೆ ಅನುಮಾನ. ಬಹಿರಂಗವಾಗಿ ಕ್ರೈಸ್ತ ಎಂದವರಿಗೆ ‘ಪರಕೀಯ’ ಎಂಬ ಪಟ್ಟ, ಮುಚ್ಚಿಟ್ಟವರಿಗೆ ‘ಕಳ್ಳ’ ಎಂಬ ಪಟ್ಟ.

ಪೌಲ ಮಾಡಿದ್ದು

ಚರ್ಚುಗಳಲ್ಲಿ ಈಗ ಕೇಳುವ ಉಪದೇಶ ಎರಡು ಬಗೆಯದು. ಒಂದು ಕಡೆ, ಲೋಕದ ಸೌಲಭ್ಯ ಬಿಡಿ, ಶಿಲುಬೆ ಹೊತ್ತುಕೊಳ್ಳಿ. ಇನ್ನೊಂದು ಕಡೆ, ದೇವರಿಗೆ ಹೃದಯ ಗೊತ್ತು, ಕಾಗದದಲ್ಲಿ ಏನಿದ್ದರೇನು. ಮೊದಲನೆಯದನ್ನು ಹೇಳುವವರಲ್ಲಿ ಬಹಳಷ್ಟು ಜನರಿಗೆ ಕಳೆದುಕೊಳ್ಳಲು ಆ ಸೌಲಭ್ಯವೇ ಇಲ್ಲ. ಎರಡನೆಯದು ಯೇಸುವಿನ ಮಾತಿನ ಜೊತೆ ಹೊಂದುವುದಿಲ್ಲ: ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಅನ್ನಿ ಎಂದ ಗುರು ಆತ.

ಮೂರನೇ ದಾರಿಯೊಂದು ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲೇ ಇದೆ. ಪೌಲನನ್ನು ಕೊರಡೆಯಿಂದ ಹೊಡೆಯಲು ಕಟ್ಟಿಹಾಕಿದಾಗ ಅವನು, ರೋಮಿನ ಪ್ರಜೆಯನ್ನು ವಿಚಾರಣೆ ಇಲ್ಲದೆ ಹೊಡೆಯಬಹುದಾ ಎಂದು ಕೇಳಿದ. ಮುಂದೆ ರೋಮಿನ ಅಧಿಪತಿ ಫೆಸ್ತನ ಎದುರು, ನಾನು ಕೈಸರನಿಗೆ ಮೊರೆ ಇಡುತ್ತೇನೆ ಎಂದ. ತನ್ನ ಪೌರತ್ವದ ಹಕ್ಕನ್ನು ಬಿಡಲೂ ಇಲ್ಲ, ಆ ಹಕ್ಕಿಗಾಗಿ ತನ್ನ ವಿಶ್ವಾಸವನ್ನು ಮುಚ್ಚಿಡಲೂ ಇಲ್ಲ. ಹೆಸರು ಹೇಳಿಕೊಂಡೇ ಹಕ್ಕು ಕೇಳಿದ. ಧರ್ಮದ ಕಾಲಂನಲ್ಲಿ ಕ್ರೈಸ್ತ, ಜಾತಿಯ ಕಾಲಂನಲ್ಲಿ ತಾತ ಮುತ್ತಾತಂದಿರ ಜಾತಿ, ಎರಡನ್ನೂ ಇದ್ದದ್ದು ಇದ್ದ ಹಾಗೆ ಬರೆಸುವುದು ಇದೇ ದಾರಿ. ಜಾತಿ ಬರೆಸಿದರೆ ಜಾತಿಯನ್ನು ಒಪ್ಪಿದಂತಲ್ಲ, ಗಾಯ ತೋರಿಸಿದಂತೆ.

ಆದರೆ ಇದರ ಬೆಲೆ ತೆರುವವರು ಯಾರು? ಸರ್ಟಿಫಿಕೇಟ್ ಬಿಟ್ಟ ಕೂಲಿ ಕುಟುಂಬ ಒಂದೇ ತೆರಬೇಕಾ? ಕ್ರೈಸ್ತ ಸಂಸ್ಥೆಗಳಿಗೆ ಶಾಲೆ, ಕಾಲೇಜು, ನರ್ಸಿಂಗ್ ಸೀಟುಗಳಿವೆ. ಅಲ್ಪಸಂಖ್ಯಾತ ಸಂಸ್ಥೆ ಎಂದು ಸಂವಿಧಾನದ 30ನೇ ವಿಧಿಯ ರಕ್ಷಣೆ ಪಡೆಯುವವು ಅವು. ಸತ್ಯ ಬರೆಸಿ ನಷ್ಟಕ್ಕೊಳಗಾದ ಮನೆಯ ಮಕ್ಕಳಿಗೆ ಅಲ್ಲಿ ಮೊದಲ ಸೀಟು, ಫೀಸಿನಲ್ಲಿ ವಿನಾಯಿತಿ ಸಿಗದಿದ್ದರೆ, ಪ್ರಸಂಗ ಪೀಠದಿಂದ ಸತ್ಯದ ಬಗ್ಗೆ ಮಾತಾಡುವ ಹಕ್ಕು ಸಭೆಗೆ ಎಲ್ಲಿಂದ ಬರಬೇಕು? ಹಾಗೆಯೇ, ಇವತ್ತಿಗೂ ‘ಹಿಂದೂ’ ಎಂದೇ ಬರೆಸುವವರನ್ನು ಯೇಸುವಿಗೆ ದ್ರೋಹ ಮಾಡಿದ ಯೂದನ ಸಾಲಿಗೆ ಸೇರಿಸುವುದು ಬೇಡ. ಕಾನೂನು ಅವರ ಕೊರಳ ಪಟ್ಟಿ ಹಿಡಿದಿದೆ.

ಈಗಲೇ ಸಿಗುವ ಒಂದು ಸೌಲಭ್ಯ

ಕೇಂದ್ರದ ಆದೇಶ ಬದಲಾಗುವವರೆಗೆ ಏನೂ ಇಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಪರಿಶಿಷ್ಟ ಜಾತಿಯಿಂದ ಕ್ರೈಸ್ತ ಧರ್ಮಕ್ಕೆ ಬಂದವರನ್ನು ಕರ್ನಾಟಕ ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಇಟ್ಟಿದೆ. ಬಾಕಿ ಕ್ರೈಸ್ತರು ಬರುವುದು 3ಬಿಯಲ್ಲಿ. ಪ್ರವರ್ಗ 1ಕ್ಕೆ ರಾಜ್ಯದ ನೌಕರಿ ಮತ್ತು ಶಿಕ್ಷಣದಲ್ಲಿ ಶೇ 4 ಮೀಸಲಾತಿ ಇದೆ, ಕೆನೆಪದರದ ಆದಾಯ ಮಿತಿ ಇದಕ್ಕಿಲ್ಲ. ಪರಿಶಿಷ್ಟ ಜಾತಿಯ ಸ್ಥಾನಮಾನಕ್ಕೆ ಇದು ಸಮ ಅಲ್ಲ. ಚುನಾವಣೆಯ ಮೀಸಲು ಕ್ಷೇತ್ರ ಸಿಗುವುದಿಲ್ಲ, ದೌರ್ಜನ್ಯ ಕಾಯ್ದೆಯ ರಕ್ಷಣೆಯೂ ಇಲ್ಲ. ಆದರೆ ಸುಳ್ಳು ಹೇಳದೆ ಸಿಗುವ ಸರ್ಟಿಫಿಕೇಟ್ ಇದು. ಅರ್ಜಿಯಲ್ಲಿ ಬರೀ ‘ಕ್ರಿಶ್ಚಿಯನ್’ ಎಂದು ಬರೆದರೆ 3ಬಿ ಬಂದುಬಿಡುತ್ತದೆ. ‘ಪರಿಶಿಷ್ಟ ಜಾತಿಯಿಂದ ಮತಾಂತರಗೊಂಡ ಕ್ರೈಸ್ತ’ ಎಂದೇ ಬರೆದು, ತಂದೆ ಅಥವಾ ತಾತನ ಜಾತಿ ಇರುವ ಹಳೇ ಶಾಲಾ ದಾಖಲೆ ಜೊತೆಗಿಟ್ಟು ನಾಡಕಚೇರಿಯಲ್ಲಿ ಕೊಡಬೇಕು.